ಪಿಕಪ್‌ಗೆ ದೊಡ್ಡ ಆಫ್‌ರೋಡ್ ಟೈರ್ ಬೇಕು, ತೂಕ ಮಾತ್ರ ಏರ್ಬಾರ್ದು: ಯಾವ ಸೈಜು, ಯಾವ ಲೋಡ್ ರೇಂಜು?

ಧೂಳುದಾರಿ:

ಎಲ್ಲರಿಗೂ ನಮಸ್ಕಾರ. ನಂದು ಮಿಡ್‌ಸೈಜ್ ಡಬಲ್ ಕ್ಯಾಬ್ ಪಿಕಪ್, ಡೀಸೆಲ್ ಆಟೋಮ್ಯಾಟಿಕ್, ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್. ಕಂಪನಿಯಿಂದ ಬಂದಿರೋದು 265/65 ಆರ್17 (ಅಗಲ 265 ಎಂಎಂ, ಸೈಡ್‌ವಾಲ್ ಎತ್ತರ ಅದರ 65 ಪರ್ಸೆಂಟ್, ರಿಮ್ 17 ಇಂಚು), ರಸ್ತೆ ಟೈರು, ಲೋಡ್ ಇಂಡೆಕ್ಸ್ (ಒಂದು ಟೈರ್ ಹೊರೋ ಗರಿಷ್ಠ ಭಾರದ ಕೋಡ್) 112. ಈಗ ಸವೆದು ಬದಲಾಯಿಸೋ ಹಂತಕ್ಕೆ ಬಂದಿವೆ, ಹಾಗಾಗಿ ಈ ಸಲ ಸ್ವಲ್ಪ ದೊಡ್ಡದು ಹಾಕೋಣ ಅಂತ. ಮನಸಲ್ಲಿರೋದು 285/70 ಆರ್17, ಅಂದ್ರೆ ಎಲ್ಲರೂ 33 ಇಂಚು ಅಂತಾರಲ್ಲ ಅದು.

ಸಮಸ್ಯೆ ಏನಪ್ಪಾ ಅಂದ್ರೆ ತೂಕ. ಈಗಿರೋ ಟೈರು ಒಂದೊಂದೂ 17 ಕೆಜಿ ಆಸುಪಾಸು. ಎಲ್ಲರೂ ತೋರಿಸ್ತಿರೋ ಇ ರೇಂಜಿನ (ಲೋಡ್ ರೇಂಜ್ ಅಂದ್ರೆ ಟೈರ್ ಎಷ್ಟು ಗಾಳಿ, ಭಾರ ತಡೆಯುತ್ತೆ ಅನ್ನೋ ದರ್ಜೆ, ಸಿ, ಡಿ, ಇ ಅಂತ ಏರುತ್ತೆ) ಆಲ್ ಟೆರೇನ್ ಟೈರ್ ಡೇಟಾ ಶೀಟ್ ತೆಗೆದು ನೋಡಿದ್ರೆ 26 ಕೆಜಿ, ಕೆಲವು ಅದಕ್ಕೂ ಜಾಸ್ತಿ. ಒಂದು ಚಕ್ರಕ್ಕೆ 9 ಕೆಜಿ ಜಾಸ್ತಿ ಅಂದ್ರೆ ನಾಲ್ಕಕ್ಕೆ 36, ಮೇಲೆ ಸ್ಟೆಪ್ನಿ ಬೇರೆ. ಸ್ನೇಹಿತನ ಗಾಡಿಗೆ ಇದೇ ತರ ಹಾಕಿಸಿದ್ದಾನೆ, ಓಡಿಸಿ ನೋಡ್ದೆ, ಗಾಡಿ ಕಾಲಿಗೆ ಗುಂಡುಕಲ್ಲು ಕಟ್ಕೊಂಡು ಓಡ್ತಿರೋ ಹಾಗೆ ಅನ್ನಿಸ್ತು, ಓವರ್‌ಟೇಕ್ ಮಾಡೋಕೆ ಆಕ್ಸಿಲರೇಟರ್ ಒತ್ತಿದ್ರೆ ಎರಡು ಗೇರ್ ಕೆಳಗಿಳಿದು ಕಿರುಚುತ್ತೆ ಆದ್ರೆ ಹೋಗಲ್ಲ. ನಂಗೆ ಅದು ಬೇಡ.

ಬಳಕೆ ಹೇಳ್ಬಿಡ್ತೀನಿ. ಮುಕ್ಕಾಲು ಪಾಲು ಟಾರ್ ರಸ್ತೆ. ಉಳಿದಿದ್ದು ಜಲ್ಲಿ ದಾರಿ, ಒಣ ಹೊಳೆ ಪಾತ್ರ, ಮಳೆ ಬಂದ್ರೆ ಕೆಸರು. ದೊಡ್ಡ ದೊಡ್ಡ ಬಂಡೆ ಹತ್ತೋ ಶೋಕಿ ಇಲ್ಲ. ಹಿಂದೆ ಟೆಂಟು, ನೀರು, ಅಡುಗೆ ಸಾಮಾನು, ಯಾವಾಗಲೋ ಒಮ್ಮೆ ಬೆಡ್ ಪೂರ್ತಿ ಲೋಡ್. ಲಿಫ್ಟ್ (ಸಸ್ಪೆನ್ಶನ್ ಎತ್ತರಿಸೋ ಕಿಟ್) ಹಾಕಿದ್ರೂ 40 ಎಂಎಂ ಮೇಲೆ ಹೋಗೋ ಯೋಚನೆ ಇಲ್ಲ.

ಹಗುರವಾದ 33 ಅನ್ನೋದು ನಿಜವಾಗ್ಲೂ ಸಿಗುತ್ತಾ? ಸಿ ರೇಂಜ್ ಸಾಕಾ ಅಥವಾ ಇ ಬೇಕೇ ಬೇಕಾ? ಇನ್ನೊಂದು, ಚಕ್ರದ ಮೇಲೆ ಒಂದು ಕೆಜಿ ಅಂದ್ರೆ ಬಾಡಿ ಮೇಲೆ ಹತ್ತು ಕೆಜಿ ಅಂತಾರಲ್ಲ, ಅದು ನಿಜಾನಾ?

ಹಲ್ಲುಚಕ್ರ:

ಕೊನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ ಯಾಕಂದ್ರೆ ಎಲ್ಲ ಗೊಂದಲ ಅಲ್ಲಿಂದಲೇ ಹುಟ್ಟೋದು. ಹತ್ತು ಪಟ್ಟು ಅನ್ನೋದು ಶುದ್ಧ ಸುಳ್ಳು. ತಿರುಗೋ ವಸ್ತುವಿಗೆ ಮುಂದೆ ಹೋಗೋ ಶಕ್ತಿನೂ ಕೊಡ್ಬೇಕು, ತಿರುಗೋ ಶಕ್ತಿನೂ ಕೊಡ್ಬೇಕು, ಸರಿ. ತೂಕ ಪೂರ್ತಿ ಟೈರಿನ ಹೊರ ಅಂಚಲ್ಲೇ ಇದೆ ಅಂತ ಇಟ್ಕೊಂಡ್ರೂ ಆ ಎರಡೂ ಸಮ ಸಮ ಬರುತ್ತೆ, ಅಂದ್ರೆ ಗರಿಷ್ಠ ಎರಡು ಪಟ್ಟು. ಅದಕ್ಕಿಂತ ಜಾಸ್ತಿ ಆಗೋಕೆ ಫಿಸಿಕ್ಸ್ ಬಿಡಲ್ಲ. ರಿಮ್ಮಿನ ತೂಕ ನಡುವಿಗೆ ಹತ್ರ ಇರೋದ್ರಿಂದ ಅದರ ಲೆಕ್ಕ ಎರಡಕ್ಕಿಂತ ಕಮ್ಮಿನೇ.

ನಿಮ್ಮ 36 ಕೆಜಿ ತಗೊಳ್ಳಿ. ಜಾಸ್ತಿ ಅಂದ್ರೆ 72 ಕೆಜಿ ಆಯ್ತು, ಹೆಚ್ಚುಕಮ್ಮಿ ಒಬ್ಬ ಮನುಷ್ಯ ಹಿಂದಿನ ಸೀಟಲ್ಲಿ ಕೂತ ಲೆಕ್ಕ. ಎರಡು ಟನ್ ಮೇಲಿರೋ ಗಾಡಿಯಲ್ಲಿ ಮೂರೂವರೆ ಪರ್ಸೆಂಟ್ ಕೂಡ ಇಲ್ಲ, ಅದೂ ಸ್ಪೀಡ್ ಏರಿಸೋವಾಗ ಮಾತ್ರ. ಒಂದೇ ಸ್ಪೀಡಲ್ಲಿ ಸಮತಟ್ಟು ರಸ್ತೆ ಮೇಲೆ ಹೋಗ್ತಿದ್ರೆ ತಿರುಗೋ ತೂಕ ನಿಮ್ಮನ್ನ ಏನೂ ಕೇಳಲ್ಲ.

ಹಾಗಾದ್ರೆ ನಿಮ್ಮ ಫ್ರೆಂಡ್ ಗಾಡಿ ಯಾಕೆ ಸತ್ತೋಯ್ತು? ಎತ್ತರದಿಂದ. 265/65 ಆರ್17 ವ್ಯಾಸ ಸುಮಾರು 776 ಎಂಎಂ. 285/70 ಆರ್17 ಸುಮಾರು 831. ಏಳು ಪರ್ಸೆಂಟ್ ದೊಡ್ಡದು. ಡಿಫರೆನ್ಷಿಯಲ್ ರೇಷಿಯೊ (ಆಕ್ಸಲ್ ಒಳಗಿನ ಕೊನೇ ಗೇರಿನ ಅನುಪಾತ) 3.9 ಅಂತ ಇದ್ರೆ ಅದು ಈಗ 3.64 ತರ ಕೆಲಸ ಮಾಡುತ್ತೆ, ಪ್ರತಿ ಗೇರಲ್ಲೂ, ಪ್ರತಿ ಕ್ಷಣ. ನೆಲಕ್ಕೆ ಸಿಗೋ ಎಳೆತ ಆರೂವರೆ ಪರ್ಸೆಂಟ್ ಕಮ್ಮಿ. ಇದರ ಮೇಲೆ ದಪ್ಪ ಟ್ರೆಡ್ಡು ನೆಲದ ಮೇಲೆ ಹಿಂಡಿ ಹಿಂಡಿ ಬಿಸಿಯಾಗೋ ರೋಲಿಂಗ್ ರೆಸಿಸ್ಟೆನ್ಸು, ಜೊತೆಗೆ 20 ಎಂಎಂ ಅಗಲ ಜಾಸ್ತಿಯಾಗಿ ಗಾಳಿಗೆ ಒಡ್ಡೋದು. ತೂಕ ಈ ಪಟ್ಟಿಯಲ್ಲಿ ಇದೆ, ಆದ್ರೆ ಮೊದಲ ಸ್ಥಾನದಲ್ಲಿ ಇಲ್ಲ. 18 ಕೆಜಿಯ 33 ಇಂಚು ಟೈರ್ ದೇವರೇ ತಂದುಕೊಟ್ರೂ ಓವರ್‌ಟೇಕ್ ಕಷ್ಟ ಅರ್ಧಕ್ಕಿಂತ ಜಾಸ್ತಿ ಹಾಗೇ ಉಳಿಯುತ್ತೆ.

ಇದೇ ಕಾರಣಕ್ಕೆ 33 ಹಾಕೋರು ಡಿಫ್ ಗೇರ್ ಬದಲಾಯಿಸೋದು. 3.9 ಇದ್ದಿದ್ದನ್ನ 4.17 ಮಾಡಿದ್ರೆ ಮೊದಲಿನ ಹಾಗೇ ಆಗುತ್ತೆ, ಆದ್ರೆ ಮಾರ್ಕೆಟಲ್ಲಿ ಸಾಮಾನ್ಯವಾಗಿ ಓಡಾಡೋದು 4.10, 4.30, 4.56 ಈ ತರ ಸಂಖ್ಯೆಗಳು, ಹತ್ತಿರದ್ದು ಹಿಡೀಬೇಕು. ಮುಂದೆ ಹಿಂದೆ ಎರಡೂ ಡಿಫ್ ಬಿಚ್ಚಬೇಕು, ಖರ್ಚು ಟೈರಿಗಿಂತ ಮೇಲೆ ಹೋಗುತ್ತೆ. ಅದು ಬೇಡ ಅಂದ್ರೆ 265/70 ಆರ್17 ನೋಡಿ, ವ್ಯಾಸ 803, ಬರೀ ಮೂರೂವರೆ ಪರ್ಸೆಂಟ್ ದೊಡ್ಡದು. ಗಾಡಿ ಅದನ್ನ ನುಂಗಿಕೊಂಡುಬಿಡುತ್ತೆ.

ಮೈಲೇಜ್ ಬಗ್ಗೆನೂ ಒಂದು ಮಾತು. ದೊಡ್ಡ ಟೈರ್ ಹಾಕಿದ ಮೇಲೆ ಓಡೋಮೀಟರ್ ಕಮ್ಮಿ ಓದುತ್ತೆ. ಅದು 100 ಕಿಮೀ ಅಂದಾಗ ನೀವು ನಿಜವಾಗಿ 107 ಹೋಗಿರ್ತೀರಿ. ಇದನ್ನ ಸರಿಮಾಡ್ಕೊಳ್ಳದೆ ಮೈಲೇಜ್ ಬಿದ್ದೋಯ್ತು ಅಂತ ಅಳೋರು ಬಹಳ ಜನ. ಬೀಳುತ್ತೆ, ಆದ್ರೆ ಅಷ್ಟಲ್ಲ.

ಬಸವನಹುಳು:

ಹಲ್ಲುಚಕ್ರ ಅವ್ರು ಹೇಳಿದ್ದು ಎಳೆತದ ಮಟ್ಟಿಗೆ ಖರೆ ಅದ, ಆದ್ರ ತೂಕದ ಅಸಲಿ ಪೆಟ್ಟು ಬೀಳೋದು ಅಲ್ಲಿ ಅಲ್ರಿ, ಸಸ್ಪೆನ್ಶನ್ ಮ್ಯಾಲೆ. ಸ್ಪ್ರಿಂಗ್ ಕೆಳಗಿನ ತೂಕ ಏರಿತಂದ್ರ ಚಕ್ರ ಮ್ಯಾಲೆ ಹೋದದ್ದು ಲಗೂ ಕೆಳಗ ಬರಂಗಿಲ್ಲ. ಅಲೆ ಅಲೆ ಬಿದ್ದ ಜಲ್ಲಿ ದಾರಿ ಇರ್ತಾವಲ್ಲ, ಅಲ್ಲಿ 40-50 ಸ್ಪೀಡಿಗೆ ಹಿಂದಿನ ಆಕ್ಸಲ್ ಕುಣಿಯಾಕ ಶುರು ಮಾಡ್ತದ, ಕಂಪನಿ ಶಾಕ್‌ಅಬ್ಸಾರ್ಬರ್ ಹಳೇ ಟೈರಿನ ತೂಕಕ್ಕ ಲೆಕ್ಕ ಹಾಕಿ ಮಾಡಿದ್ದು, ಅದು ಬಿಸಿಯಾಗಿ ಸೋತು ಹೋಗ್ತದ. ಖಾಲಿ ಬೆಡ್ಡು, ಬಿಗಿ ಲೀಫ್ ಸ್ಪ್ರಿಂಗು, ಭಾರಿ ಟೈರು, ಮೂರೂ ಕೂಡಿದ್ರ ನಿಮ್ಮ ಬೆನ್ನಿಗೆ ಗೊತ್ತಾಗ್ತದ. ಟೈ ರಾಡ್ ಎಂಡು, ಬಾಲ್ ಜಾಯಿಂಟು, ವೀಲ್ ಬೇರಿಂಗು ಇವೂ ಲಗೂ ಸವೀತಾವ. ಬ್ರೇಕಿಗೂ ಅಷ್ಟ ನೋಡ್ರಿ, ಡಿಸ್ಕ್ ಅಷ್ಟೇ ಅದ, ಚಕ್ರ ಏಳು ಪರ್ಸೆಂಟ್ ದೊಡ್ಡದಾತು, ಮೊದಲಿನಷ್ಟ ನಿಲ್ಲಬೇಕಂದ್ರ ಪೆಡಲ್ ಜಾಸ್ತಿ ಒತ್ತಬೇಕು.

ಈಗ ನಿಮ್ಮ ಸಿ ಮತ್ತ ಇ ಪ್ರಶ್ನೆ. ಇದರಾಗ ಜನಾ ಭಾಳ ಮೋಸ ಹೋಗ್ತಾರ. ಸಿ ಅಂದ್ರ 6 ಪ್ಲೈ, ಡಿ ಅಂದ್ರ 8, ಇ ಅಂದ್ರ 10 ಅಂತ ಹೇಳ್ತಾರಲ್ಲ, ಅದು ಹತ್ತಿ ದಾರದ ಕಾಲದ ಲೆಕ್ಕ. ಇವತ್ತಿನ ಇ ರೇಂಜ್ ಟೈರಿನಾಗ ಹತ್ತು ಪದರ ಎಲ್ಲೂ ಇಲ್ಲ. ಸೈಡ್‌ವಾಲ್ ಮ್ಯಾಲೆ ಸಣ್ಣ ಅಕ್ಷರದಾಗ ಬರ್ದಿರ್ತಾರ ನೋಡ್ರಿ, ಟ್ರೆಡ್ಡಿನಾಗ ಇಷ್ಟು ಪಾಲಿಯೆಸ್ಟರ್, ಇಷ್ಟು ಸ್ಟೀಲ್, ಇಷ್ಟು ನೈಲಾನ್, ಸೈಡ್‌ವಾಲಿನಾಗ ಇಷ್ಟು ಪಾಲಿಯೆಸ್ಟರ್ ಅಂತ. ಸೈಡ್‌ವಾಲಿಗೆ ಎರಡೋ ಮೂರೋ ಇರ್ತಾವ, ಅಷ್ಟ. ಕೆಲವು ಸಿ ರೇಂಜ್ ಟೈರಿಗೂ ಮೂರು ಪದರ ಇರ್ತಾವ, ಕೆಲವು ಇ ರೇಂಜಿಗೆ ಎರಡ ಇರ್ತಾವ. ಅಂಗಡಿಯವ್ರ ಮಾತು ಬಿಟ್ಟು ಅದನ್ನ ಓದ್ರಿ.

ನಿಮಗ ಬೇಕಾದ ಭಾರ ಎಷ್ಟು ಅಂತ ಲೆಕ್ಕ ಹಾಕೋಣ. ಡ್ರೈವರ್ ಬಾಗಿಲು ತೆಗೆದ್ರ ಕಂಬದ ಮ್ಯಾಲೆ ಪ್ಲೇಟ್ ಇರ್ತದ, ಹಿಂದಿನ ಆಕ್ಸಲ್ ಗರಿಷ್ಠ ಎಷ್ಟು ಅಂತ. ಉದಾಹರಣೆಗೆ 1850 ಕೆಜಿ ಅಂತ ಇಟ್ಕೋರಿ. ಒಂದು ಟೈರಿಗೆ 925. ನಿಮ್ಮ ಈಗಿನ 112 ಲೋಡ್ ಇಂಡೆಕ್ಸ್ ಅಂದ್ರ 1120 ಕೆಜಿ. ಪ್ಯಾಸೆಂಜರ್ ವರ್ಗದ ಟೈರನ್ನ ಟ್ರಕ್ಕಿಗೆ ಹಾಕಿದ್ರ ಅಮೆರಿಕದ ನಿಯಮದಾಗ ಅದನ್ನ 1.1ರಿಂದ ಭಾಗಿಸಬೇಕು, ಆದ್ರೂ 1018 ಉಳೀತದ. ಕಂಪನಿಯವ್ರು ಸುಮ್ನ ಹಾಕಿರಂಗಿಲ್ಲ. 285/70 ಆರ್17 ಸಿ ರೇಂಜಿನಾಗ 116 ಸಿಗ್ತದ, 1250 ಕೆಜಿ. ಇ ರೇಂಜಿನಾಗ 121, 1450 ಕೆಜಿ. ಅಂದ್ರ ಎರಡು ಹಿಂದಿನ ಚಕ್ರಕ್ಕ 2900. ನಿಮ್ಮ ಇಡೀ ಗಾಡಿ ಖಾಲಿ ಇದ್ದಾಗ ಅಷ್ಟು ತೂಗಂಗಿಲ್ಲ!

ಇನ್ನೊಂದು ಮಜಾ ಅಂದ್ರ, ಇ ರೇಂಜಿನ 1450 ಸಿಗೋದು 80 ಪಿಎಸ್‌ಐ ಗಾಳಿ ತುಂಬಿದಾಗ ಮಾತ್ರ. ನೀವು ಹಾಕೋದು 38-40. ಒಂದ ಸೈಜಿನ ಎಲ್‌ಟಿ (ಲೈಟ್ ಟ್ರಕ್ ವರ್ಗದ) ಟೈರು 40 ಪಿಎಸ್‌ಐಗೆ ಸಿ ಆದ್ರೂ ಇ ಆದ್ರೂ ಹೊರೋ ಭಾರ ಒಂದ, ಲೋಡ್ ಟೇಬಲ್ ತೆಗೆದು ನೋಡ್ರಿ. ಹೊರೋದು ಗಾಳಿ, ರಬ್ಬರ್ ಅಲ್ಲ. ನೀವು ಎಂದೂ ತುಂಬದ ಗಾಳಿ ಸಲುವಾಗಿ ಒಂದೊಂದು ಚಕ್ರಕ್ಕ ಮೂರು ನಾಕು ಕೆಜಿ ಹೊತ್ಕೊಂಡು ತಿರುಗೋದು ಯಾಕ?

ಚಪ್ಪಡಿಕಲ್ಲು:

ಬಸವನಹುಳು ಲೆಕ್ಕ ಎಲ್ಲಾ ಸರಿ ಆದ್ರೆ ಕಲ್ಲಿಗೆ ಲೋಡ್ ಟೇಬಲ್ ಓದೋಕೆ ಬರಲ್ಲ ಗುರು. ಇ ರೇಂಜ್ ತಗೊಳ್ಳೋರು ಎಲ್ಲರೂ ಭಾರಕ್ಕೆ ತಗೊಳ್ಳಲ್ಲ, ಸೈಡ್‌ವಾಲ್ ಹರಿಯದೇ ಇರ್ಲಿ ಅಂತ ತಗೊಳ್ತಾರೆ. ಟ್ರೆಡ್ಡಿಗೆ ಮೊಳೆ ಚುಚ್ಚಿದ್ರೆ ಪ್ಲಗ್ ಹಾಕಿ ಹತ್ತು ನಿಮಿಷದಲ್ಲಿ ಹೊರಡಬಹುದು, ಸೈಡ್‌ವಾಲ್ ಸೀಳಿದ್ರೆ ಟೈರ್ ಮುಗೀತು ಅಷ್ಟೇ. ನಾನು ಓಡಾಡೋ ಕಡೆ ಪದರ ಪದರವಾಗಿ ಒಡೆಯೋ ಜಾತಿಯ ಕಲ್ಲು, ಅಂಚು ಬ್ಲೇಡ್ ತರ. ನನ್ನ ಗಾಡಿಗೆ ಇ ರೇಂಜು, ಮೂರು ಪದರ ಸೈಡ್‌ವಾಲ್, ಭಾರ ಇದೆ, ಕುಡಿಯೋದೂ ಜಾಸ್ತಿ, ಇರಲಿ ಬಿಡಿ.

ಹಾಗಂತ ಧೂಳುದಾರಿ ಅವರಿಗೆ ಇ ಬೇಕು ಅಂತ ಹೇಳ್ತಿಲ್ಲ. ಜಲ್ಲಿ, ಹೊಳೆ ಪಾತ್ರದ ಗುಂಡು ಕಲ್ಲು, ಕೆಸರು ಅಂತಿದ್ದಾರೆ. ಗುಂಡು ಕಲ್ಲು ಸೈಡ್‌ವಾಲ್ ಕೊಯ್ಯೋದು ಕಮ್ಮಿ. ಆದ್ರೆ ಸುಮ್ಮನೆ "ಇ ವೇಸ್ಟು" ಅಂತ ಎಲ್ಲರಿಗೂ ಹೇಳ್ಬೇಡಿ, ದಿನಾ ಲೋಡ್ ಹೊಡೆಯೋನು, ಹಿಂದೆ ಭಾರಿ ಟ್ರೇಲರ್ ಎಳೆಯೋನು, ಚೂಪು ಕಲ್ಲಲ್ಲಿ ಓಡಿಸೋನು ಇವರಿಗೆಲ್ಲ ಅದರ ಕೆಲಸ ಇದೆ.

ಮಡ್ ಟೆರೇನ್ ಕಡೆ ಮಾತ್ರ ಕಣ್ಣು ಹಾಕ್ಬೇಡಿ. ಆಲ್ ಟೆರೇನ್ ಟ್ರೆಡ್ ಆಳ 10ರಿಂದ 12 ಎಂಎಂ ಇದ್ರೆ ಅದರದ್ದು 14ರ ಆಸುಪಾಸು, ದೊಡ್ಡ ದೊಡ್ಡ ರಬ್ಬರ್ ಗಡ್ಡೆ, ಅದೆಲ್ಲ ತೂಕನೇ, ಅದೂ ಟೈರಿನ ಅತೀ ಹೊರಗಿನ ಅಂಚಲ್ಲಿ. ಮುಕ್ಕಾಲು ಪಾಲು ಟಾರಲ್ಲಿ ಓಡಿಸೋರಿಗೆ ಒದ್ದೆ ರಸ್ತೇಲಿ ಬ್ರೇಕೂ ಅಷ್ಟಕ್ಕಷ್ಟೆ, ಸದ್ದು ಬೇರೆ. ನೋಡೋಕೆ ಚೆನ್ನಾಗಿರುತ್ತೆ, ಒಪ್ಕೋತೀನಿ.

ಬಸವನಹುಳು:

ಚಪ್ಪಡಿಕಲ್ಲು ಅವ್ರ, ಒಪ್ಪಿದೆ. ಆದ್ರ ಒಂದು. ಗಾಳಿ ಇಳಿಸಿದಾಗ ಮೆತ್ತಗಿನ ಸೈಡ್‌ವಾಲ್ ಕಲ್ಲಿನ ಮ್ಯಾಲೆ ಬಾಗಿ ಕೂರ್ತದ, ಬಿಗಿ ಇ ರೇಂಜು ಅದ 25 ಪಿಎಸ್‌ಐದಾಗ ಇನ್ನೂ ಸೆಟಗೊಂಡು ನಿಂತಿರ್ತದ, ಅದಕ್ಕ ಇನ್ನೂ ಕೆಳಗ ಇಳಿಸಬೇಕಾಗ್ತದ. ಹಗುರ ಗಾಡಿಗೆ ಇ ಹಾಕಿದವ್ರು ಜಲ್ಲಿ ದಾರಿ ಭಾಳ ಕುಲುಕ್ತದ ಅಂತ ಶಾಕ್ ಬದಲಿ ಮಾಡ್ತಾರ, ಶಾಕಿನ ತಪ್ಪು ಅಲ್ಲ ಅದು.

ಧೂಳುದಾರಿ:

ಅಬ್ಬಾ, ಇಷ್ಟು ಬೇಗ ಇಷ್ಟು ವಿಷಯ. ಥ್ಯಾಂಕ್ಸ್ ಎಲ್ಲರಿಗೂ. ತೂಕನೇ ದೊಡ್ಡ ವಿಲನ್ ಅಂದ್ಕೊಂಡಿದ್ದೆ, ಎತ್ತರ ಅಂತ ಈಗ ಗೊತ್ತಾಯ್ತು.

ಪ್ಲೇಟ್ ನೋಡ್ಕೊಂಡು ಬಂದೆ, ಹಿಂದಿನ ಆಕ್ಸಲ್ ಬಸವನಹುಳು ಹೇಳಿದ ಸಂಖ್ಯೆ ಹತ್ತಿರಾನೇ ಇದೆ. ಹಾಗಾಗಿ ಇ ಕೈಬಿಟ್ಟೆ. ಹೊಸ ಗೊಂದಲ: ಕೆಲವರು 255/80 ಆರ್17 ಅಂತ ಕಿರಿದಾದ 33 ಹಾಕ್ತಾರಲ್ಲ, ಅದು ಅಗಲ ಕಮ್ಮಿ ಇರೋದ್ರಿಂದ ಹಗುರ ಇರಬೇಕಲ್ವಾ? ಮತ್ತೆ ಅದು ಬಾಡಿಗೆ ಉಜ್ಜೋದೂ ಕಮ್ಮಿ ಅಂತಾರೆ. ಕಿರಿದು ಅಂದ್ರೆ ಹಿಡಿತ ಕಮ್ಮಿ ಆಗಲ್ವಾ ಅನ್ನೋ ಭಯ ಇದೆ.

ಹೊಂಡಗುಂಡಿ:

ಕಿರಿದಾದ ಟೈರಿನ ಅಭಿಮಾನಿ ಬಂದೆ ಮಾರಾಯ್ರೆ, ಇಷ್ಟೊತ್ತು ಸುಮ್ಮನೆ ಓದ್ತಾ ಇದ್ದೆ.

ಮೊದಲು ಹಿಡಿತದ ಭಯ. ಗಾಡಿ ತೂಕ ಅಷ್ಟೇ, ಗಾಳಿ ಅಷ್ಟೇ ಇದ್ರೆ ನೆಲಕ್ಕೆ ತಾಗುವ ಜಾಗ ಹೆಚ್ಚುಕಮ್ಮಿ ಅಷ್ಟೇ ಉಂಟು, ಆಕಾರ ಮಾತ್ರ ಬದಲಾಗ್ತದೆ. ಅಗಲ ಟೈರಿಗೆ ಅಡ್ಡಕ್ಕೆ ಹರಡಿದ್ದು, ಕಿರಿದಕ್ಕೆ ಉದ್ದಕ್ಕೆ. ಗಾಳಿ ಇಳಿಸಿದಾಗ ಹೆಚ್ಚಾಗುವುದೂ ಮುಖ್ಯವಾಗಿ ಉದ್ದವೇ. ಅಡಿಯಲ್ಲಿ ಗಟ್ಟಿ ನೆಲ ಇರುವ ಕೆಸರಲ್ಲಿ ಕಿರಿದು ಟೈರು ಕೊರೆದು ಕೆಳಗಿಳಿದು ಹಿಡೀತದೆ, ಅಗಲದ್ದು ಮೇಲೆ ತೇಲಿ ಜಾರ್ತದೆ. ಆಳ ತಳವೇ ಇಲ್ಲದ ಕೆಸರು, ಸಡಿಲ ಮರಳು, ಅಲ್ಲಿ ಅಗಲದ್ದೇ ಮೇಲು, ಸುಳ್ಳು ಹೇಳುವುದು ಬೇಡ. ಗಾಳಿಗೆ ಒಡ್ಡುವ ಮೈಯೂ ಕಮ್ಮಿ, ಹೈವೇಯಲ್ಲಿ ಅದು ಗೊತ್ತಾಗ್ತದೆ.

ಆದ್ರೆ ಹಗುರ ಇರಬೇಕಲ್ವಾ ಅಂತ ಕೇಳಿದ್ರಲ್ಲ, ಅಲ್ಲೇ ಒಂದು ಹೊಂಡ ಉಂಟು. 255/80 ಆರ್17 ಬಹಳಷ್ಟು ಬ್ರ್ಯಾಂಡ್‌ಗಳಲ್ಲಿ ಇ ರೇಂಜಿನಲ್ಲೇ ಬರುವುದು. ಅಗಲದಲ್ಲಿ ಉಳಿಸಿದ ತೂಕವನ್ನು ಬಿಗಿ ಕವಚದಲ್ಲಿ ವಾಪಸ್ ಕೊಡ್ತೀರಿ. ಡೇಟಾ ಶೀಟ್ ನೋಡಿದ್ರೆ ಇ ರೇಂಜಿನ 255/80, ಸಿ ರೇಂಜಿನ 285/70 ಎರಡೂ ಹೆಚ್ಚುಕಮ್ಮಿ ಒಂದೇ ತೂಕಕ್ಕೆ ಬಂದು ನಿಲ್ತವೆ. ಅದಲ್ಲದೆ ವ್ಯಾಸ 840, ನಿಮ್ಮದಕ್ಕಿಂತ ಎಂಟು ಪರ್ಸೆಂಟ್ ಮೇಲೆ, ಅಂದ್ರೆ ಹಲ್ಲುಚಕ್ರ ಹೇಳಿದ ಗೇರ್ ತೊಂದರೆ ಇನ್ನೂ ಸ್ವಲ್ಪ ಜಾಸ್ತಿ. ನಾನು ಗೇರ್ ಬದಲಾಯಿಸಿದ ಗಾಡಿಗೆ ಹಾಕಿಕೊಂಡಿದ್ದೇನೆ, ಅದಕ್ಕೆ ಖುಷಿಯಲ್ಲಿದ್ದೇನೆ. 16 ಇಂಚಿನ ರಿಮ್ ಕೂರುವ ಗಾಡಿಯವರಿಗೆ 235/85 ಆರ್16 ಒಳ್ಳೆಯ ಸೈಜು, ವ್ಯಾಸ 806, ನಿಮಗೆ ಬ್ರೇಕ್ ಕ್ಯಾಲಿಪರ್‌ಗೆ 16 ಕೂರ್ತದಾ ಅಂತ ನೋಡ್ಬೇಕು, ಎಷ್ಟೋ ಹೊಸ ಗಾಡಿಗೆ ಕೂರುವುದಿಲ್ಲ.

ಉಜ್ಜುವುದರ ಬಗ್ಗೆ ಸ್ವಲ್ಪ ಉದ್ದ ಬರೀತೇನೆ, ಯಾಕೆಂದ್ರೆ ಲಿಫ್ಟ್ ಹಾಕಿದ್ರೆ ಉಜ್ಜುವುದಿಲ್ಲ ಅಂತ ಒಂದು ನಂಬಿಕೆ ಉಂಟು. ಲಿಫ್ಟ್ ಚಕ್ರದ ಮೇಲೆ ಜಾಗ ಕೊಡ್ತದೆ, ಸ್ಟೀರಿಂಗ್ ತಿರುಗಿಸಿದಾಗ ಹಿಂದೆ ಮುಂದೆ ಬರುವ ಜಾಗ ಅದರಿಂದ ಬದಲಾಗುವುದಿಲ್ಲ. ಮುಂದಿನ ಚಕ್ರ ಪೂರ್ತಿ ತಿರುಗಿಸಿ, ಅದೂ ರಿವರ್ಸಿನಲ್ಲಿ, ಟೈರಿನ ಹಿಂದಿನ ಮೂಲೆ ಕ್ಯಾಬಿನ್ ಕೂತಿರುವ ಬಾಡಿ ಮೌಂಟಿಗೆ ತಾಗ್ತದೆ, ಮುಂದಿನ ಮೂಲೆ ಬಂಪರ್ ಒಳಗಿನ ಪ್ಲಾಸ್ಟಿಕ್ ಲೈನರಿಗೆ. ಪ್ಲಾಸ್ಟಿಕ್ ಬಿಸಿ ಗಾಳಿ ಹೊಡೆದು ಹಿಂದಕ್ಕೆ ತಳ್ಳಬಹುದು, ಬಾಡಿ ಮೌಂಟ್ ಕತ್ತರಿಸಿ ವೆಲ್ಡ್ ಮಾಡುವ ಕೆಲಸ ಎಲ್ಲರಿಗೂ ಹೇಳಿದ್ದಲ್ಲ.

ಇದರಲ್ಲಿ ಅರ್ಧ ತೊಂದರೆ ಟೈರಿನದ್ದಲ್ಲ, ರಿಮ್ಮಿನದ್ದು. ಹೊರಗೆ ಚಾಚಿಕೊಂಡಿರುವ ಕಮ್ಮಿ ಆಫ್‌ಸೆಟ್ ರಿಮ್ ಹಾಕಿದ್ರೆ ಟೈರು ತಿರುಗುವಾಗ ದೊಡ್ಡ ವೃತ್ತ ಹೊಡೀತದೆ, ಇದ್ದ ಜಾಗವೆಲ್ಲ ತಿಂತದೆ, ಸ್ಟೀರಿಂಗೂ ಭಾರ ಆಗ್ತದೆ, ಬೇರಿಂಗಿಗೂ ಪೆಟ್ಟು. ಕಂಪನಿ ರಿಮ್ಮಿನಲ್ಲೇ ಇರಿ. ನಿಮ್ಮದು 7.5 ಇಂಚು ಅಗಲದ ರಿಮ್ ಇರಬಹುದು, 265ಕ್ಕೆ ಹಾಯಾಗಿ ಆಗ್ತದೆ, 285ಕ್ಕೆ ಅನುಮತಿ ಇರುವ ಅಗಲದಲ್ಲಿ ಅದು ಕೊನೆಯ ಮೆಟ್ಟಿಲು. ಕಂಪನಿ ಆಫ್‌ಸೆಟ್ಟಿನಲ್ಲಿ 285 ಒಳಬದಿಗೆ ಮುಂದಿನ ಅಪ್ಪರ್ ಕಂಟ್ರೋಲ್ ಆರ್ಮಿಗೆ ಎಷ್ಟು ಜಾಗ ಬಿಡ್ತದೆ ಅಂತ ಬೆರಳಿಟ್ಟು ಅಳೆಯಿರಿ.

ಇನ್ನು ಎಷ್ಟು ಎತ್ತರ ಸಿಗ್ತದೆ ಅಂತ ಲೆಕ್ಕ ಹಾಕಿದ್ದೀರಾ? ವ್ಯಾಸದ ಅರ್ಧ ಮಾತ್ರ. 285/70 ಹಾಕಿದ್ರೆ ಡಿಫ್ ಕೆಳಗೆ 27 ಎಂಎಂ, 265/70 ಹಾಕಿದ್ರೆ 13. ಈ ಹದಿನಾಲ್ಕು ಎಂಎಂ ವ್ಯತ್ಯಾಸಕ್ಕೆ ಬಾಡಿ ಕತ್ತರಿಸಬೇಕಾ ಅಂತ ನೀವೇ ಹೇಳಿ.

ಹಲ್ಲುಚಕ್ರ:

ಹೊಂಡಗುಂಡಿ ಬರೆದಿದ್ದಕ್ಕೆ ಪೂರ್ತಿ ಸಹಿ. ಒಂದು ಸೇರಿಸ್ತೀನಿ, ಟೈರಿನ ಮೇಲೆ ಬರೆದ ಸೈಜಿಂದ ಬರೋ ವ್ಯಾಸ ಬೇರೆ, ಕಂಪನಿ ಅಳೆದು ಡೇಟಾ ಶೀಟಲ್ಲಿ ಕೊಟ್ಟಿರೋ ವ್ಯಾಸ ಬೇರೆ. ಒಂದೇ ಸೈಜು ಎರಡು ಬ್ರ್ಯಾಂಡಲ್ಲಿ ಎಂಟು ಹತ್ತು ಎಂಎಂ ವ್ಯತ್ಯಾಸ ಇರುತ್ತೆ. ಉಜ್ಜೋದು ಉಜ್ಜದೇ ಇರೋದು ಕೆಲವು ಸಲ ಅಷ್ಟರಲ್ಲೇ ಇರೋದು. ಟ್ರೆಡ್ಡಿನ ಭುಜ ಕೂಡ ನೋಡಿ, ಕೆಲವು ಆಲ್ ಟೆರೇನ್‌ಗಳಲ್ಲಿ ಭುಜದ ಗಡ್ಡೆ ಚೌಕವಾಗಿ ಹೊರಗೆ ಬಂದಿರುತ್ತೆ, ಅದೇ ಮೊದಲು ತಾಗೋದು.

ಸ್ಪೀಡೋಮೀಟರ್ ವಿಷಯ: ಯುಎನ್ ರೆಗ್ಯುಲೇಷನ್ 39 ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸೋ ಹಾಗಿಲ್ಲ, ಅದಕ್ಕೇ ಅದನ್ನ ಪಾಲಿಸೋ ಕಂಪನಿಗಳು ಮೊದಲೇ ಸ್ವಲ್ಪ ಜಾಸ್ತಿ ತೋರಿಸೋ ಹಾಗೆ ಇಟ್ಟಿರ್ತಾರೆ. 265/70ಗೆ ಹೋದ್ರೆ ಆ ಜಾಸ್ತಿ ಅಳಿಸಿ ಹೋಗಿ ಮೀಟರ್ ನಿಜಕ್ಕೆ ಹತ್ತಿರ ಬರುತ್ತೆ. 285/70ಗೆ ಹೋದ್ರೆ ದಾಟಿ ಕಮ್ಮಿ ತೋರಿಸೋಕೆ ಶುರು ಮಾಡೋ ಸಾಧ್ಯತೆ ಇದೆ, ಆಗ ಕ್ಯಾಲಿಬ್ರೇಷನ್ ಮಾಡಿಸಲೇಬೇಕು. ಜಿಪಿಎಸ್ ಇಟ್ಕೊಂಡು ಈಗಲೇ ಒಮ್ಮೆ ಹೋಲಿಸಿ ನೋಡಿ. ಎಷ್ಟು ದೊಡ್ಡ ಟೈರಿಗೆ ಕಾನೂನು ಬಿಡುತ್ತೆ ಅನ್ನೋದು ದೇಶ ದೇಶಕ್ಕೆ ಬೇರೆ, ಇನ್ಶೂರೆನ್ಸ್‌ನವರಿಗೂ ಹೇಳ್ಬೇಕಾಗಬಹುದು, ಅದು ಮೊದಲೇ ವಿಚಾರಿಸಿ.

ಮೂಲೆಅಂಗಳ:

ಬರೀ ಓದೋಕೆ ಬಂದಿದ್ದೆ. ಯಾರೂ ರಿಮ್ ತೂಕ ಹೇಳಲೇ ಇಲ್ವಲ್ಲ? ಫೋರ್ಜ್ಡ್ ಅಲಾಯ್ ಹಾಕಿದ್ರೆ ಚಕ್ರಕ್ಕೆ ಎರಡು ಮೂರು ಕೆಜಿ ಇಳಿಯುತ್ತೆ, ಟೈರಲ್ಲಿ ಏರಿದ್ದು ಇಲ್ಲಿ ಸರಿಹೋಗುತ್ತೆ.

ಬಸವನಹುಳು:

ಇಳೀತದ, ಆದ್ರ ಹಲ್ಲುಚಕ್ರ ಮೊದಲ ಹೇಳ್ಯಾರ, ರಿಮ್ಮಿನ ತೂಕ ನಡುಕ್ಕ ಹತ್ರ, ತಿರುಗೋ ಲೆಕ್ಕದಾಗ ಟೈರಿನ ಒಂದು ಕೆಜಿಗೆ ಅದು ಸಮ ಅಲ್ಲ. ಸಸ್ಪೆನ್ಶನ್ ಲೆಕ್ಕದಾಗ ಸಮ. ರೊಕ್ಕ ಇದ್ರ ಮಾಡ್ರಿ. ಆದ್ರ ಫೋರ್ಜ್ಡ್ ಅಂತ ಬರ್ದಿದ್ರ ಸಾಲಂಗಿಲ್ಲ, ರಿಮ್ಮಿಗೂ ಲೋಡ್ ರೇಟಿಂಗ್ ಇರ್ತದ, ಹಿಂಬದಿ ಅಚ್ಚು ಹಾಕಿರ್ತಾರ, ಅದು ಆಕ್ಸಲ್ ಭಾರದ ಅರ್ಧಕ್ಕಿಂತ ಮ್ಯಾಲೆ ಇರಬೇಕು. ಕಾರಿಗಂತ ಮಾಡಿದ ಹಗುರ ರಿಮ್ ಪಿಕಪ್ಪಿಗೆ ಹಾಕಿ ಲೋಡ್ ಹೊಡೆದ್ರ ಬಿರುಕು ಬಿಡ್ತದ. ಬೀಡ್‌ಲಾಕ್ (ಟೈರಿನ ಅಂಚು ರಿಮ್ಮಿಗೆ ಬಿಗಿಯಾಗಿ ಹಿಡಿಯೋ ರಿಂಗು) ಅಂತೂ ಬ್ಯಾಡ, ತೂಕ ಏರಿಸೋ ಕೆಲಸ, ನಿಮ್ಮ ಬಳಕಿಗೆ 15 ಪಿಎಸ್‌ಐ ಕೆಳಗ ಹೋಗೋ ಪ್ರಸಂಗನ ಬರಂಗಿಲ್ಲ.

ಗಾಳಿ ಮಾತು ಬಂತಲ್ಲ, ಧೂಳುದಾರಿ ಅವ್ರ, ಇದನ್ನ ಮರೀಬ್ಯಾಡ್ರಿ. ಎಲ್‌ಟಿ ಟೈರು ಹಾಕಿದ ಮ್ಯಾಲೆ ಬಾಗಿಲ ಪ್ಲೇಟಿನ ಹಳೇ ಗಾಳಿ ಲೆಕ್ಕ ನಡೆಯಂಗಿಲ್ಲ. ಅದು ಪ್ಯಾಸೆಂಜರ್ ವರ್ಗದ ಟೈರಿಗೆ ಬರ್ದದ್ದು. ಅಷ್ಟ ಭಾರ ಹೊರಾಕ ಎಲ್‌ಟಿಗೆ ಜಾಸ್ತಿ ಗಾಳಿ ಬೇಕು. ಲೋಡ್ ಟೇಬಲಿನಾಗ ನಿಮ್ಮ ಆಕ್ಸಲ್ ಭಾರ ಹುಡುಕಿ ಅಲ್ಲಿಂದ ಸಂಖ್ಯೆ ತಗೋರಿ. ಲೋಡ್ ಹಾಕಿ ಹೈವೇ ಮ್ಯಾಲೆ ಕಡಿಮಿ ಗಾಳಿಯಾಗ ಓಡಿಸಿದ್ರ ಸೈಡ್‌ವಾಲ್ ಮಡಚಿ ಮಡಚಿ ಕಾಯ್ತದ, ಹಗುರ ಟೈರು ಬರ್ಸ್ಟ್ ಆತು ಅಂತ ಬೈತಾರಲ್ಲ, ಎಷ್ಟೋ ಸಲ ಕಾರಣ ಇದ. ಜಲ್ಲಿ ದಾರಿಗೆ ಇಳಿದಾಗ 25ರ ಸುತ್ತ, ಮರಳಿಗೆ 16-18, ಸ್ಪೀಡ್ ಕಡಿಮಿ, ಟಾರಿಗೆ ಹತ್ತೋ ಮೊದಲ ವಾಪಸ್ ತುಂಬಬೇಕು. ಸಣ್ಣ ಕಂಪ್ರೆಸರ್ ಒಂದು ಇಟ್ಕೋರಿ, ಇ ರೇಂಜಿಗೆ ಕೊಡೋ ರೊಕ್ಕದಾಗ ಅದು ಬರ್ತದ.

ಧೂಳುದಾರಿ:

ಸರಿ, ಎಲ್ಲ ಓದಿ, ಎರಡು ಮೂರು ಕಂಪನಿ ಡೇಟಾ ಶೀಟ್ ಪಕ್ಕದಲ್ಲಿಟ್ಕೊಂಡು ಕೂತೆ. 265/70 ಆರ್17, ಎಲ್‌ಟಿ, ಸಿ ರೇಂಜ್, ಲೋಡ್ ಇಂಡೆಕ್ಸ್ 112, ತೂಕ 20-21 ಕೆಜಿ ಆಸುಪಾಸು. ಬಿಎಫ್‌ಗುಡ್‌ರಿಚ್, ಟೊಯೊ, ಯೊಕೊಹಾಮ ಈ ಮೂರರ ಆಲ್ ಟೆರೇನ್‌ಗಳನ್ನ ನೋಡ್ತಾ ಇದ್ದೀನಿ. ಇದೇ ಸೈಜು ಪ್ಯಾಸೆಂಜರ್ ವರ್ಗದಲ್ಲಿ ಇನ್ನೂ ಎರಡು ಕೆಜಿ ಕಮ್ಮಿಗೆ ಸಿಗುತ್ತೆ, ಭಾರದ ಲೆಕ್ಕದಲ್ಲಿ ಅದೂ ಪಾಸು. ಅದಾ ಇದಾ ಅಂತ ಮನಸ್ಸು ಓಲಾಡ್ತಿದೆ. 33 ಆಸೆ ಪೂರ್ತಿ ಹೋಗಿಲ್ಲ ಅಂತ ಒಪ್ಕೋತೀನಿ, ಪಾರ್ಕಿಂಗಲ್ಲಿ ಯಾವುದಾದ್ರೂ ಗಾಡಿಗೆ 33 ಕಂಡ್ರೆ ಕಣ್ಣು ಅಲ್ಲೇ ಹೋಗುತ್ತೆ.

ಕೊನೇ ಪ್ರಶ್ನೆ, ಸ್ಟೆಪ್ನಿ ಹಳೇ ಸೈಜಲ್ಲೇ ಬಿಟ್ರೆ ನಡೆಯುತ್ತಾ? ಬೆಡ್ ಕೆಳಗೆ ಜಾಗ ಇಕ್ಕಟ್ಟು.

ಚಪ್ಪಡಿಕಲ್ಲು:

ಪ್ಯಾಸೆಂಜರ್ ವರ್ಗದ್ದು ಬೇಡ, ಹೊಳೆ ಪಾತ್ರ ಅಂದಿದ್ದೀರಿ, ಯಾವಾಗಲೋ ಪೂರ್ತಿ ಲೋಡೂ ಅಂದಿದ್ದೀರಿ, ಸಿ ರೇಂಜ್ ಎಲ್‌ಟಿಗೆ ಹೋಗಿ. ಆ ಎರಡು ಕೆಜಿಗೆ ಸಿಗೋದು ಟ್ರೆಡ್ಡಿನ ರಬ್ಬರ್ರು, ಸೈಡ್‌ವಾಲಿನ ದಪ್ಪ. ಅದನ್ನ ಉಳಿಸೋದು ಜಿಪುಣತನ.

ಹೊಂಡಗುಂಡಿ:

ಸ್ಟೆಪ್ನಿ ಹಳೇದು ಬಿಟ್ರೆ ಟೂ ವೀಲ್ ಡ್ರೈವಿನಲ್ಲಿ ಮುಂದಿನ ಚಕ್ರಕ್ಕೆ ಹಾಕಿ ನಿಧಾನಕ್ಕೆ ಮನೆ ಸೇರಬಹುದು, ಅಷ್ಟೇ. ಹಿಂದಿನ ಚಕ್ರ ಪಂಕ್ಚರ್ ಆದ್ರೆ ಮುಂದಿನದ್ದೊಂದು ಬಿಚ್ಚಿ ಹಿಂದಕ್ಕೆ ಹಾಕಿ, ಸ್ಟೆಪ್ನಿ ಮುಂದಕ್ಕೆ. ಹಿಂದೆ ಒಂದು ದೊಡ್ಡದು ಒಂದು ಸಣ್ಣದು ಇದ್ರೆ ಡಿಫ್ ಇಡೀ ದಾರಿ ಸುಮ್ಮನೆ ಕೆಲಸ ಮಾಡ್ತಾ ಬಿಸಿಯಾಗ್ತದೆ. ಗಟ್ಟಿ ನೆಲದ ಮೇಲೆ ಫೋರ್ ವೀಲ್ ಮಾತ್ರ ಹಾಕಲೇಬೇಡಿ, ಪಾರ್ಟ್ ಟೈಮ್ ಸಿಸ್ಟಮ್ಮಿನಲ್ಲಿ ಮುಂದೆ ಹಿಂದೆ ಲಾಕ್ ಆಗಿರ್ತದೆ, ಮೂರೂವರೆ ಪರ್ಸೆಂಟ್ ವ್ಯತ್ಯಾಸ ಎಲ್ಲಾ ಗೇರಿನ ಮೇಲೆ ಬೀಳ್ತದೆ. ತೊಂದರೆ ಏನಂದ್ರೆ ಪಂಕ್ಚರ್ ಆಗುವುದೇ ಫೋರ್ ವೀಲ್ ಬೇಕಾದ ಜಾಗದಲ್ಲಿ.

265/70 ಆದ್ರೆ ಬಹಳಷ್ಟು ಗಾಡಿಯಲ್ಲಿ ಬೆಡ್ ಕೆಳಗೆ ಕೂರ್ತದೆ, ಸ್ವಲ್ಪ ಗಾಳಿ ಇಳಿಸಿ ವಿಂಚಿನಲ್ಲಿ ಎತ್ತಿ ನೋಡಿ, ಎತ್ತಿದ ಮೇಲೆ ಸೈಲೆನ್ಸರ್ ಪೈಪಿಗೂ ಹಿಂದಿನ ಬಂಪರಿಗೂ ತಾಗುವುದಿಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಗಾಳಿ ಇಳಿಸಿ ಇಟ್ಟರೆ ಹೇಗೂ ಕಂಪ್ರೆಸರ್ ತಗೊಳ್ತಿದ್ದೀರಲ್ಲ. ಐದೂ ಒಟ್ಟಿಗೇ ತಗೊಂಡು ಐದನ್ನೂ ಸರದಿಯಲ್ಲಿ ತಿರುಗಿಸ್ತಾ ಬನ್ನಿ, ಐದರ ಸವೆತವೂ ಸಮ ಇರ್ತದೆ. ತಗೊಳ್ಳುವಾಗ ಸೈಡ್‌ವಾಲಿನ ಕೊನೆಯ ನಾಲ್ಕು ಅಂಕಿ ಓದಿ, ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ, 2324 ಅಂದ್ರೆ 2024ರ 23ನೇ ವಾರ. ಐದೂ ಒಂದೇ ಸುಮಾರಿನದ್ದು ಕೊಡಿ ಅಂತ ಕೇಳಿ.

ಧೂಳುದಾರಿ:

ಐದು ಸಿ ರೇಂಜ್ ಎಲ್‌ಟಿ, ಫೈನಲ್. ನಾಳೆ ಹಳೇ ಸ್ಟೆಪ್ನಿ ಇಳಿಸಿ ಬೆಡ್ ಕೆಳಗೆ ಟೇಪ್ ಹಿಡೀತೀನಿ, 803 ಎಂಎಂ ಜಾಗ ಇದ್ರೆ ಆರ್ಡರ್.

ಹಲ್ಲುಚಕ್ರ:

803 ಅಲ್ಲ, ನೀವು ಆರಿಸಿದ ಬ್ರ್ಯಾಂಡಿನ ಡೇಟಾ ಶೀಟಲ್ಲಿರೋ ವ್ಯಾಸ ಹಿಡ್ಕೊಂಡು ಅಳೀರಿ 😄